ಬಳೆಗಾರನ ಮೌನ

"ಭಂತೆ, ಮನೆಯಲ್ಲೇ ಕೂತು ಮೌನ ಸಾಧಿಸಬಹುದೇ?" ಎಂದು ಪುಣ್ಣಕ ಕೇಳಿದ.

ಪುಣ್ಣಕ ಹೆಂಡತಿ ಮಕ್ಕಳಿದ್ದ ಗೃಹಸ್ಥ. ಮಳೆಗಾಲ ಶುರುವಾದಾಗಿನಿಂದ ವಿಹಾರದಲ್ಲೇ ಇದ್ದ. ಇಲ್ಲಿಯ ಮೌನ ಅವನಿಗೆ ರುಚಿಸಿತ್ತು. ಮನೆಗೆ ಹಿಂತಿರುಗಿದ ಮೇಲೂ ಒಂದು ಕೋಣೆ ಹಿಡಿದು ಹೀಗೇ ಕೂರಬೇಕು, ಯಾರೂ ತನ್ನನ್ನು ಮಾತಾಡಿಸಬಾರದು ಎಂಬುದು ಅವನ ಆಸೆ.

"ಬಳೆಗಾರನೊಬ್ಬ ಹಾಗೆ ಕೂತಿದ್ದ, ಕೇಳು" ಎಂದು ವಿಹಾರದ ಹಿರಿಯ ಭಿಕ್ಷು ಶೀಲಪಾಲ ಭಂತೆಯವರು ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ಬಳೆಗಾರ. ಬಲು ಮಾತುಗಾರ. ಬಿಗಿಯಾದ ಬಳೆ ಕೈಯ ಗೆಣ್ಣು ದಾಟುವಾಗ ಹೆಂಗಸರಿಗೆ ನೋವಾಗುತ್ತದೆ. ಆ ನೋವು ಮರೆಯುವಂತೆ ಮಾತಾಡುವುದು ಆ ಕಸುಬಿನ ಪದ್ಧತಿ. ತವರಿನ ಸುದ್ದಿ, ನಾದಿನಿಯ ಕುಚೋದ್ಯ, ಸುಳ್ಳೋ ನಿಜವೋ, ಬಳೆ ಏರುವವರೆಗೆ ಅವನ ಬಾಯಿ ನಿಲ್ಲುತ್ತಿರಲಿಲ್ಲ. ಅವನ ಮುಂದೆ ಕೈ ನೀಡಿದವಳು ಅಳುತ್ತಾ ಎದ್ದದ್ದಿಲ್ಲ ಎಂದು ಸುತ್ತಲ ಊರುಗಳಲ್ಲಿ ಹೆಸರು.

ಅವನಿಗೊಬ್ಬ ಮಗಳಿದ್ದಳು. ಜ್ವರ ಬಂದು ತೀರಿಕೊಂಡಳು. ಅಂದಿನಿಂದ ಅವನಿಗೆ ಮನೆಯಲ್ಲಿ ಮಾತು ಬಾರದಾಯಿತು. ಬೀದಿಯಲ್ಲಿ ಅದೇ ಮಾತುಗಾರ. ಹೊಸಿಲು ದಾಟಿದರೆ ಮೂಕ. ಹೆಂಡತಿಯ ಮೇಲೆ ಮುನಿಸೇನೂ ಇರಲಿಲ್ಲ. ಅವಳ ಮುಖ ನೋಡಿದರೆ ಮಗಳ ಮುಖ ಕಾಣುತ್ತಿತ್ತು, ಅಷ್ಟೆ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಅವನನ್ನು ಹಳಿಯುವುದು ಸುಲಭ. ಅವನ ಎದೆಯ ಸಂಕಟ ಕಂಡವರು ಹಾಗೆ ಅನ್ನಲಾರರು.

ಆ ಸಂಕಟ ತಾಳಲಾರದೆ ಅವನು ಹೊಳೆಯಾಚೆಯ ವಿಹಾರಕ್ಕೆ ಹೋದ. ಅಲ್ಲಿಯ ಭಿಕ್ಷು ಅವನಿಗೆ ಉಸಿರು ನೋಡುವ ಧ್ಯಾನ ಕಲಿಸಿದರು. "ಮಳೆಗಾಲದಲ್ಲಿ ಹೊಳೆ ತುಂಬಿ ದೋಣಿ ನಿಲ್ಲುತ್ತದೆ. ಮನೆಯಲ್ಲೇ ಮೌನ ಹಿಡಿದು ಕೂರು. ಮಾತು ಬೇಡ, ಸನ್ನೆಯೂ ಬೇಡ. ಆದರೆ ಮೊದಲು ಹೆಂಡತಿಗೆ ಹೇಳಿ ಅವಳ ಒಪ್ಪಿಗೆ ಪಡೆ. ಮುಗಿದ ಮೇಲೆ ಅವಳಿಗೆ ಕೈಮುಗಿದು, ನನ್ನಲ್ಲಿ ಕಂಡ ತಪ್ಪು ಹೇಳು ಎಂದು ಬೇಡಿಕೋ" ಎಂದರು. ಮಳೆಗಾಲವೆಲ್ಲ ವಿಹಾರದಲ್ಲೇ ನೆಲೆಸುವ ವರ್ಷಾವಾಸ ಮುಗಿದಾಗ ಭಿಕ್ಷುಗಳು ಒಬ್ಬರನ್ನೊಬ್ಬರು ಹೀಗೆ ಬೇಡಿಕೊಳ್ಳುವುದು ನಿನಗೂ ಗೊತ್ತು, ಪುಣ್ಣಕ.

ಮಳೆ ಹಿಡಿಯಿತು. ಬಳೆಗಾರ ಬಳೆಯ ಗಂಟನ್ನು ಗೂಟಕ್ಕೆ ಸಿಕ್ಕಿಸಿ ಗೋಡೆಯ ಪಕ್ಕ ಕೂತ. ಹೆಂಡತಿಯ ಒಪ್ಪಿಗೆ ಮಾತ್ರ ಕೇಳಲಿಲ್ಲ. ಕೇಳಬೇಕೆಂದರೆ ಮಾತು ತೆಗೆಯಬೇಕಲ್ಲ! ಕಣ್ಣಿಗೆ ಕಾಣುವುದನ್ನು ಬಾಯಿಬಿಟ್ಟು ಹೇಳುವುದೇಕೆ ಎಂದುಕೊಂಡ. ಅವಳು ಹೊತ್ತಿಗೆ ಸರಿಯಾಗಿ ತಟ್ಟೆ ತಂದಿಡುತ್ತಿದ್ದಳು, ಎತ್ತಿಕೊಂಡು ಹೋಗುತ್ತಿದ್ದಳು. ಮೌನ ಇಷ್ಟು ಸುಲಭವೇ ಎಂದು ಅವನು ಒಳಗೊಳಗೇ ಹಿಗ್ಗಿದ.

ಮೊದಮೊದಲು ಮನಸ್ಸು ಸಂತೆಯಾಗಿತ್ತು. ಬರಬರುತ್ತಾ ತಿಳಿಯಾಯಿತು. ಆಗ ಅವನಿಗೆ ಮನೆ ಕೇಳಿಸತೊಡಗಿತು. ಒಲೆಯ ಮುಂದೆ ಹೆಂಡತಿ ಯಾರೊಡನೆಯೋ ಮಾತಾಡುತ್ತಿದ್ದಳು.

"ಹುರುಳಿ ಸಾರು ಮಾಡಲಾ?" ಎನ್ನುವಳು. ಒಂದು ಉಸಿರಿನಷ್ಟು ಹೊತ್ತು ಕಾಯುವಳು. ಆಮೇಲೆ ದನಿ ತಗ್ಗಿಸಿ, "ಹೂಂ, ಮಾಡು" ಎನ್ನುವಳು.

"ಹಿತ್ತಿಲ ಗೋಡೆ ನೆನೆದು ಕುಸೀತಾ ಇದೆ. ನೋಡ್ತೀರಾ?" ಮತ್ತೆ ಅಷ್ಟೇ ಹೊತ್ತು. "ಮಳೆ ನಿಲ್ಲಲಿ, ನೋಡೋಣ."

ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಬಳೆಗಾರನಿಗೆ ನಿಧಾನವಾಗಿ ಅರ್ಥವಾಯಿತು. ಅವಳು ಕೇಳುತ್ತಿದ್ದದ್ದು ತನ್ನನ್ನೇ. ತಾನು ಕೊಡಬೇಕಾದ ಉತ್ತರವನ್ನು ಅವಳೇ ಕೊಟ್ಟುಕೊಳ್ಳುತ್ತಿದ್ದಳು. ಅದೂ ಇಂದು ನಿನ್ನೆ ಕಲಿತ ಹಾಗಿರಲಿಲ್ಲ. ಅವನಿಗೆ ನಾಚಿಕೆಯಾಯಿತು, ದುಃಖವೂ ಆಯಿತು. ಭಿಕ್ಷು ಕಲಿಸಿದಂತೆ ದುಃಖವನ್ನು ದುಃಖವೆಂದು ನೋಡುತ್ತಾ ಕೂತ.

ಒಂದು ಬೆಳಿಗ್ಗೆ ಅವಳು ಒಲೆ ಹಚ್ಚಲಿಲ್ಲ. ಬಂದು ಅವನ ಎದುರಿಗೆ ಕೂತಳು. "ಇವತ್ತು ಮಗು ಹೋದ ದಿನ. ನಿಮಗೆ ನೆನಪಿದೆಯಾ?" ಎಂದಳು.

ನೆನಪಿತ್ತು. ಎದ್ದಾಗಿನಿಂದ ಅವನಿಗೆ ಅದೊಂದೇ ನೆನಪು. ಇದೆ ಎಂಬ ಒಂದು ಮಾತು ಗಂಟಲಿಗೆ ಬಂದು ನಿಂತಿತ್ತು. ಅವಳೂ ಅಂದು ಒಂದು ಉಸಿರಲ್ಲ, ಬಹಳ ಹೊತ್ತು ಕಾದಳು. ಇಷ್ಟು ದಿನ ಕಾಪಾಡಿದ ಮೌನ ಕೆಟ್ಟುಹೋಗುತ್ತದಲ್ಲ ಎಂದು ಅವನು ಮಾತನ್ನು ನುಂಗಿಕೊಂಡ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತೇವೆ. ಆಡದೆ ಉಳಿಸಿಕೊಂಡ ಮಾತೂ ಹೋಗುತ್ತದೆ, ಪುಣ್ಣಕ.

"ನೆನಪಿದೆ" ಎಂದು ಅವಳೇ ಹೇಳಿಕೊಂಡು ಎದ್ದು ಹೋದಳು.

ಮಳೆಗಾಲ ಕಳೆಯಿತು. ಬಳೆಗಾರ ಮಿಂದು ಬಂದು ಹೆಂಡತಿಯ ಮುಂದೆ ಮಂಡಿಯೂರಿ ಕೈಮುಗಿದ. "ಮೌನ ಹಿಡಿದಿದ್ದೆ, ಇವತ್ತಿಗೆ ಮುಗೀತು. ನನ್ನಲ್ಲಿ ಕಂಡ ತಪ್ಪನ್ನೆಲ್ಲ ಹೇಳು" ಎಂದ.

ಅವಳು ಕೈಗಂಟಿದ ಹಿಟ್ಟು ಒರೆಸಿಕೊಂಡಳು. "ಮೌನ ಹಿಡಿದಿದ್ರಾ? ಯಾವತ್ತಿನಿಂದ?" ಎಂದು ಕೇಳಿದಳು.

ಚುಚ್ಚಿ ಕೇಳಿದ್ದಲ್ಲ. ಅವಳಿಗೆ ನಿಜವಾಗಿಯೂ ಗೊತ್ತಾಗಿರಲಿಲ್ಲ. ಮಳೆ ಹಿಡಿದ ದಿನದಿಂದ ಎನ್ನಲು ಬಳೆಗಾರ ಬಾಯಿ ತೆರೆದ. ಅದು ಸುಳ್ಳೆಂದು ಅವನಿಗೇ ಅನ್ನಿಸಿತು. ಊರ ಹೆಂಗಸರನ್ನೆಲ್ಲ ನಗಿಸಿದ ನಾಲಗೆ ಹೊರಳಲಿಲ್ಲ. ಅವಳು ಒಂದು ಉಸಿರಿನಷ್ಟು ಹೊತ್ತು ಕಾದಳು.

"ಮಗು ಹೋದಾಗಿನಿಂದ" ಎಂದು ಅವಳೇ ಹೇಳಿ, ಒಲೆಯ ಕಡೆ ತಿರುಗಿದಳು.

ಭಂತೆಯವರು ಕತೆ ನಿಲ್ಲಿಸಿದರು. ಪುಣ್ಣಕನ ಕಣ್ಣು ತೇವವಾಗಿತ್ತು. ಅವನು ತಡವರಿಸುತ್ತಾ, "ಹಾಗಾದರೆ ಮನೆಯಲ್ಲಿ ಮೌನ ಕೂಡದೇ, ಭಂತೆ?" ಎಂದ.

"ಅದಿರಲಿ, ಈ ಹೊತ್ತು ನಿನ್ನ ಮನೆಯಲ್ಲಿ ನಿನ್ನ ಪಾಲಿನ ಮಾತು ಆಡುತ್ತಿರುವವರು ಯಾರು?"