ಸೀಬೆ ಗಿಡಕ್ಕೆ ಹೊಯ್ದ ನೀರು

ಹೇಮಾವತಿಯ ದಡದಲ್ಲಿ ಒಂದು ಪುಟ್ಟ ಆಶ್ರಮ. ನಡೆಸುತ್ತಿದ್ದವರು ಚೌರಪ್ಪ ಎಂಬ ವಯಸ್ಸಾದ ಕ್ರೈಸ್ತ ಗುರು. ಎಲ್ಲರೂ ಅವರನ್ನು ಸ್ವಾಮಿಗಳು ಎಂದೇ ಕರೆಯುತ್ತಿದ್ದರು. ಮಾತು ಕಡಿಮೆ, ಗಿಡಮರಗಳ ಮೇಲೆ ಅಕ್ಕರೆ ಜಾಸ್ತಿ.

ಅವರ ಶಿಷ್ಯ ಇನ್ನಾಸಪ್ಪ. ನಲವತ್ತರ ಹತ್ತಿರದ ಆಳು. ಸೋಮವಾರ ಬಂದರೆ ಪೂಜೆಯ ಬಟ್ಟೆ ಒಗೆಯುವುದು ಅವನ ಕೆಲಸ.

ಆ ಒಗೆತಕ್ಕೆ ಒಂದು ಕಟ್ಟಳೆ ಉಂಟು. ಬಲಿಪೂಜೆ ಎನ್ನುವ ಚರ್ಚಿನ ಆರಾಧನೆಯಲ್ಲಿ ದ್ರಾಕ್ಷಾರಸದ ಪಾತ್ರೆ ಒರೆಸಿದ ಬಟ್ಟೆಯನ್ನು ನೇರವಾಗಿ ಹೊಳೆಗೆ ಒಯ್ಯುವಂತಿಲ್ಲ. ಆ ರಸ ಅವರ ಪಾಲಿಗೆ ಕ್ರಿಸ್ತನ ರಕ್ತ. ಹಾಗಾಗಿ ಮೊದಲು ಬಟ್ಟಲಿನ ನೀರಿನಲ್ಲಿ ಅದ್ದಿ ಹಿಂಡಬೇಕು. ಆ ಮೊದಲ ನೀರು ಚರಂಡಿಗೆ ಬೀಳಬಾರದು, ಹೊಳೆಗೂ ಸೇರಬಾರದು, ಮಣ್ಣಿಗೇ ಹೋಗಬೇಕು. ಆಶ್ರಮದಲ್ಲಿ ಅದನ್ನು ಬಾವಿಯ ಪಕ್ಕದ ಸೀಬೆ ಗಿಡದ ಬುಡಕ್ಕೆ ಹೊಯ್ಯುತ್ತಿದ್ದರು.

ಆಶ್ರಮಕ್ಕೆ ಬಂದ ನಾಲ್ಕು ವರ್ಷದಲ್ಲಿ ಇನ್ನಾಸಪ್ಪ ಒಂದು ಸಲವೂ ಇದರಲ್ಲಿ ತಪ್ಪಿರಲಿಲ್ಲ. ತಪ್ಪು ಎಂದರೆ ಅವನಿಗೆ ಅಷ್ಟು ಭಯ. ಪ್ರವಚನದಲ್ಲಿ ಸ್ವಾಮಿಗಳು ಪಾಪ ಎಂದರೆ ಸಾಕು, ಯಾರ ಪಾಪವಾದರೂ ಸರಿ, ಇವನು ತಲೆ ತಗ್ಗಿಸುತ್ತಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತಲ್ಲ, ಆ ಜಾತಿ.

ಅವನ ಪಾಪ ಊರಿಗೆಲ್ಲ ಗೊತ್ತಿದ್ದದ್ದೇ. ಹಿಂದೆ ಒಂದು ದಿನ ಕುಡಿದು ಟ್ರ್ಯಾಕ್ಟರ್ ಹತ್ತಿದ್ದ. ಬೇಡ ಕಣೋ ಎಂದು ತಡೆಯಲು ಬಂದ ಅಣ್ಣ ರಾಯಪ್ಪ, ತಮ್ಮ ಕೇಳದಿದ್ದಾಗ ತಾನೂ ಹತ್ತಿ ಪಕ್ಕದಲ್ಲಿ ಕೂತ. ಕೆರೆ ಏರಿಯ ತಿರುವಿನಲ್ಲಿ ಟ್ರ್ಯಾಕ್ಟರ್ ಮಗುಚಿತು. ತಮ್ಮನಿಗೆ ಮೈ ತರಚಿದ್ದಷ್ಟೇ. ಅಣ್ಣನ ಬಲಗಾಲನ್ನು ಮೊಣಕಾಲಿನಿಂದ ಕೆಳಗೆ ತೆಗೆಯಬೇಕಾಯಿತು.

ಕೆಟ್ಟ ಮೇಲೆ ಬುದ್ಧಿ ಬಂತು. ಇನ್ನಾಸಪ್ಪ ಕುಡಿತ ಬಿಟ್ಟ, ಮನೆ ಬಿಟ್ಟ, ಆಶ್ರಮ ಸೇರಿದ.

ಪ್ರತಿ ಶನಿವಾರ ಪಾಪನಿವೇದನೆಗೆ ಮಂಡಿಯೂರಿ ಅದೊಂದನ್ನೇ ಹೇಳುತ್ತಿದ್ದ. ಸ್ವಾಮಿಗಳು ಮೊದಲ ದಿನವೇ ದೇವರ ಹೆಸರಿನಲ್ಲಿ ಅವನಿಗೆ ಕ್ಷಮೆ ಕೊಟ್ಟಿದ್ದರು. ಕ್ಷಮೆ ಸಿಕ್ಕಿತು ಎಂದು ಅವನ ಮನಸ್ಸು ಮಾತ್ರ ಒಪ್ಪಲಿಲ್ಲ. ಭಾನುವಾರ ಎಲ್ಲರೂ ಪರಮಪ್ರಸಾದಕ್ಕೆ ಸಾಲು ನಿಂತರೆ ಇವನು ಕಂಬದ ಹಿಂದೆ ನಿಲ್ಲುತ್ತಿದ್ದ.

ರಾಯಪ್ಪ ಪ್ರತಿ ವರ್ಷ ಪಾಸ್ಕ ಹಬ್ಬದ, ಅಂದರೆ ಈಸ್ಟರ್‌ನ, ಮಾರನೆಯ ದಿನ ಊರುಗೋಲು ಊರಿಕೊಂಡು ತಮ್ಮನನ್ನು ನೋಡಲು ಬರುತ್ತಿದ್ದ. ಬಾಗಿಲಲ್ಲಿದ್ದ ಹೊಂಗೆ ಮರದ ಕೆಳಗೆ ಕೂರುತ್ತಿದ್ದ. ಇನ್ನಾಸಪ್ಪ ಅವನನ್ನು ದೂರದಿಂದ ಕಂಡ ಕೂಡಲೇ ಹೊಳೆಯ ಕಡೆ ಓಡಿ ಪೊದೆಯಲ್ಲಿ ಅಡಗುತ್ತಿದ್ದ. ಅಣ್ಣ ಸಂಜೆಯವರೆಗೆ ಕಾದು, ಸ್ವಾಮಿಗಳ ಹತ್ತಿರ ಏನೋ ಹೇಳಿ ಹೋಗುತ್ತಿದ್ದ. ಏನು ಹೇಳಿದ ಎಂದು ತಮ್ಮ ಯಾವತ್ತೂ ಕೇಳಲಿಲ್ಲ.

ಈ ಸಲ ಹಬ್ಬಕ್ಕೆ ಮೊದಲೇ ಊರಿಂದ ಸುದ್ದಿ ಬಂದಿತ್ತು. ರಾಯಪ್ಪನ ಎಡಗಾಲೂ ಸೋತಿದೆ, ಇಷ್ಟು ದೂರ ಬರುವುದು ಇದೇ ಕೊನೆ.

ಹಬ್ಬದ ಮಾರನೆಯ ಬೆಳಗ್ಗೆ ಇನ್ನಾಸಪ್ಪ ಬಟ್ಟೆಬರೆ ಗಂಟು ಕಟ್ಟಿಕೊಂಡು ಸ್ವಾಮಿಗಳ ಮುಂದೆ ಮಂಡಿಯೂರಿದ. ಕೊನೆಯದಾಗಿ ಒಂದು ಸಲ ಪಾಪ ಹೇಳಿಕೊಂಡು ಆಶ್ರಮ ಬಿಟ್ಟು ಹೋಗುತ್ತೇನೆ ಎಂದ.

"ಯಾಕಪ್ಪ?" ಎಂದರು ಸ್ವಾಮಿಗಳು.

"ಅವನ ಮುಖ ನೋಡೋ ಯೋಗ್ಯತೆ ನಂಗಿಲ್ಲ ಸ್ವಾಮಿ. ಪ್ರಾರ್ಥನೆಗೆ ಕೂತ್ರೆ ಒಳಗಿಂದ ಒಂದು ದನಿ ಬರ್ತದೆ. ಅಣ್ಣನ ಕಾಲು ತೆಗೆದೋನು ನೀನು ಅಂತದೆ. ದೇವರೇ ಇನ್ನೂ ಕ್ಷಮಿಸಿಲ್ಲ ನನ್ನ."

"ಮುಂದಕ್ಕೆ ಏನು ಮಾಡು ಅಂತದೆ ಆ ದನಿ?"

ಇನ್ನಾಸಪ್ಪ ಯೋಚಿಸಿದ. "ಏನೂ ಮಾಡು ಅನ್ನಲ್ಲ. ನೀನು ಇಂಥೋನು ಅಂತದೆ, ಅಷ್ಟೇ."

"ದೇವರ ದನಿ ಹಂಗಿರಲ್ಲ ಕಣಪ್ಪ. ದೇವರು ಬೈದ್ರೂ ಕೊನೆಗೆ ಬಾ ಅಂತಾನೆ. ಬಾ ಅನ್ನದೆ ಬರೀ ದೂರು ಹೇಳೋನು ಬೇರೆ ಒಬ್ಬ ಇದ್ದಾನೆ, ಸೈತಾನ."

ಈ ಮಾತು ಇನ್ನಾಸಪ್ಪನ ಕಿವಿಯೊಳಗೆ ಹೋಯಿತು, ಎದೆಗೆ ಇಳಿಯಲಿಲ್ಲ. ಅವನು ಕೈ ಮುಗಿದು ಕೆರೆ ಏರಿಯ ಕಥೆಯನ್ನು ಮತ್ತೆ ಮೊದಲಿನಿಂದ ಶುರು ಮಾಡಿದ.

ಸ್ವಾಮಿಗಳು ಕೈ ಎತ್ತಿ ತಡೆದರು.

"ನಾನು ಅದನ್ನು ಮತ್ತೆ ಕೇಳಬೇಕು ಅಂದ್ರೆ ನೀನೊಂದು ಕೆಲಸ ಮಾಡು. ಹೋದ ಸೋಮವಾರ ಸೀಬೆ ಗಿಡಕ್ಕೆ ಮೊದಲ ನೀರು ಹೊಯ್ದೆಯಲ್ಲ, ಅದನ್ನು ಅದೇ ಬಟ್ಟಲಲ್ಲಿ ವಾಪಸ್ ತಂದುಕೊಡು."

ಬೇರೆ ಯಾರಾದರೂ ಆಗಿದ್ದರೆ ನಕ್ಕುಬಿಡುತ್ತಿದ್ದರು. ಇನ್ನಾಸಪ್ಪ ಗುದ್ದಲಿ ತಂದ.

ಗಿಡದ ಬುಡ ಅಗೆದ. ಮಣ್ಣು ಹಸಿಯಾಗಿಯೇ ಇತ್ತು. ಹಿಡಿ ಮಣ್ಣು ತೆಗೆದು ಬಟ್ಟಲ ಮೇಲೆ ಹಿಂಡಿದ. ಬೆರಳ ಸಂದಿಯಲ್ಲಿ ಕೆಸರು ಬಂತು, ನೀರು ಬರಲಿಲ್ಲ. ಇನ್ನೂ ಆಳಕ್ಕೆ ಅಗೆದ. ಬಿಸಿಲು ಏರಿತು. ಅಂಗೈಯಲ್ಲಿ ಬೊಬ್ಬೆ ಎದ್ದವು. ಒಂದು ಏಟಿಗೆ ಗುದ್ದಲಿ ಬೇರಿಗೆ ಬಿದ್ದು, ಹೆಬ್ಬೆರಳ ಗಾತ್ರದ ಬೇರು ತುಂಡಾಯಿತು. ಕಡಿದ ಜಾಗ ಬೆಳ್ಳಗೆ ಕಾಣಿಸಿತು.

ಇನ್ನಾಸಪ್ಪ ಗುದ್ದಲಿ ಬಿಟ್ಟು ಗುಂಡಿಯ ಅಂಚಿನಲ್ಲಿ ಕುಸಿದ. ನಾಲ್ಕು ವರ್ಷ ತಾನೇ ನೀರೆರೆದ ಗಿಡ. ಅವನಿಗೆ ಅಳು ತಡೆಯಲಾಗಲಿಲ್ಲ.

ಸ್ವಾಮಿಗಳು ಬಂದು ಪಕ್ಕದಲ್ಲಿ ನಿಂತರು. ನೀರು ಸಿಕ್ಕಿತೇ ಎಂದು ಕೇಳಿದರು.

"ಇಲ್ಲ ಸ್ವಾಮಿ. ಅದನ್ನು ಗಿಡ ಆಗಲೇ ಕುಡಿದುಬಿಟ್ಟದೆ. ಅಗೆದೂ ಅಗೆದೂ ನಾನು ಬೇರು ಕಡಿದೆ."

"ಹೂಂ. ಮಣ್ಣು ಮುಚ್ಚು."

ಅವನು ಕೈಯಿಂದಲೇ ಮಣ್ಣೆಳೆದು ಗುಂಡಿ ಮುಚ್ಚಿದ, ಬುಡವನ್ನು ಮೆಲ್ಲಗೆ ತುಳಿದು ಗಟ್ಟಿ ಮಾಡಿದ. ಬಾವಿಯ ತೇವಕ್ಕೆ ಆ ಗಿಡ ಬೇಸಿಗೆಯಲ್ಲೂ ಒಂದೆರಡು ಹಣ್ಣು ಬಿಡುತ್ತಿತ್ತು. ಸ್ವಾಮಿಗಳು ಎಲೆಗಳ ನಡುವೆ ಹುಡುಕಿ ಒಂದು ಹಣ್ಣು ಕಿತ್ತರು. ತಮ್ಮ ನಿಲುವಂಗಿಗೆ ಒರೆಸಿ ಶಿಷ್ಯನ ಕೆಸರು ಕೈಯಲ್ಲಿಟ್ಟರು.

"ತಗೋ, ನೀನು ಹುಡುಕಿದ ನೀರು. ಒಬ್ಬನೇ ತಿನ್ನಬೇಡ."

ಇನ್ನಾಸಪ್ಪ ಬಾಗಿಲ ಕಡೆ ನೋಡಿದ. ಹೊಂಗೆ ಮರಕ್ಕೆ ಊರುಗೋಲು ಒರಗಿಸಿತ್ತು. ಅದರ ಪಕ್ಕದಲ್ಲಿ ರಾಯಪ್ಪ ಟವೆಲ್ಲಿನಿಂದ ಕತ್ತು ಒರೆಸಿಕೊಳ್ಳುತ್ತ ಕೂತಿದ್ದ. ಹೋದ ವರ್ಷಕ್ಕಿಂತ ತುಂಬ ಬಡವಾಗಿದ್ದ.

ಹೊಳೆಯ ದಾರಿ ಎಡಕ್ಕಿತ್ತು, ಕಟ್ಟಿದ ಗಂಟು ಜಗಲಿಯ ಮೇಲಿತ್ತು. ಒಳಗಿನ ದನಿ ತನ್ನ ಹಳೆಯ ಮಾತನ್ನು ಮತ್ತೆ ಶುರು ಮಾಡಿತು. ಇನ್ನಾಸಪ್ಪನ ಕಾಲು ಮುಂದಕ್ಕೂ ಬರಲಿಲ್ಲ, ಹಿಂದಕ್ಕೂ ಹೋಗಲಿಲ್ಲ.

ನಾಲ್ಕು ವರ್ಷ ಕೇಳದೆ ಉಳಿಸಿಕೊಂಡಿದ್ದ ಪ್ರಶ್ನೆಯನ್ನು ಅವನು ಕೊನೆಗೂ ಕೇಳಿದ.

"ಸ್ವಾಮಿ, ಬಂದಾಗೆಲ್ಲ ಅಣ್ಣ ನಿಮ್ಮ ಹತ್ರ ಏನೋ ಹೇಳಿ ಹೋಗ್ತಿದ್ನಲ್ಲ. ಕಾಲಿನ ವಿಷಯಾನಾ?"

ಸ್ವಾಮಿಗಳು ಕೆಳಗೆ ಬಿದ್ದಿದ್ದ ಬಟ್ಟಲನ್ನು ಎತ್ತಿಕೊಂಡರು.

"ಕಾಲಿನ ಮಾತು ಒಂದು ದಿನಾನೂ ಎತ್ತಲಿಲ್ಲ ಕಣಪ್ಪ. ಪ್ರತಿ ಸಲಾನೂ ನಿನಗೆ ಒಂದೇ ಮಾತು ಹೇಳಿ ಹೋದ, ಬಾ ಅಂತ."