ಶಾರದಾಂಬಾ ಲೇಔಟಿನ ಮೊದಲ ನಿವಾಸಿ

ರಾಜರ ಕಾಲ ಮುಗಿಯಿತು ಅನ್ನುವವರು ಮೈಸೂರಿನ ಹೊರವಲಯದ ಶಾರದಾಂಬಾ ಲೇಔಟಿಗೆ ಒಮ್ಮೆ ಬಂದು ನೋಡಬೇಕಿತ್ತು. ಅಲ್ಲಿ ಗುರುಪಾದಪ್ಪನವರ ಆಳ್ವಿಕೆ ಸಾಂಗವಾಗಿ ನಡೆದಿತ್ತು. ನಿವಾಸಿಗಳ ಸಂಘಕ್ಕೆ ಅವರೇ ಅಧ್ಯಕ್ಷರು. ಸಿಂಹಾಸನ ಮಾತ್ರ ಪ್ಲಾಸ್ಟಿಕ್ಕಿನದು.

ಸಂಘದ ಕಾರ್ಯದರ್ಶಿ ಚೆಲುವಯ್ಯ, ನಿವೃತ್ತ ಬಸ್ ಕಂಡಕ್ಟರ್. ಕುರ್ಚಿ ಜೋಡಿಸುವುದು, ಮೈಕ್ ಸರಿಮಾಡುವುದು, ಅಧ್ಯಕ್ಷರು ಅಂದದ್ದಕ್ಕೆಲ್ಲ ತಲೆಯಾಡಿಸುವುದು ಅವನ ಪಾಲಿನ ಮಂತ್ರಿಗಿರಿ.

ಒಂದು ದಿನ ಗುರುಪಾದಪ್ಪನವರು ಲೇಔಟಿನ ಹಿಂದಿನ ಗೇಟಿಗೆ ಬೀಗ ಜಡಿಸಿದರು. ಪಕ್ಕದ ಹಳ್ಳಿಯ ನಿಂಗಾಜಮ್ಮ ಹಸುಗಳನ್ನು ಕೆರೆಬಯಲಿಗೆ ಹೊಡೆದುಕೊಂಡು ಹೋಗುತ್ತಿದ್ದದ್ದು ಅದೇ ದಾರಿಯಲ್ಲಿ. ರಸ್ತೆ ಮೇಲೆ ಸಗಣಿ ಬೀಳುತ್ತದೆ ಎಂಬುದು ಅಧ್ಯಕ್ಷರ ತಕರಾರು.

"ಹೈವೇ ಮೇಲೆ ಹೊಡ್ಕೊಂಡು ಹೋದ್ರೆ ಲಾರಿಗೆ ಸಿಕ್ಕೊಳ್ತವೆ ಕಣಣ್ಣ. ಇನ್ನು ಮಾರ್ಬುಡೋದೇ ಗತಿ," ಎಂದು ನಿಂಗಾಜಮ್ಮ ಗೇಟಿನ ಬಳಿ ಚೆಲುವಯ್ಯನೆದುರು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಚೆಲುವಯ್ಯ ಬೀಗವನ್ನೊಮ್ಮೆ ಅಲುಗಿಸಿ ನೋಡಿದ. "ಭಾನುವಾರ ನಮ್ಮ ವಾರ್ಷಿಕೋತ್ಸವ. ಹಸು ಹೊಡ್ಕೊಂಡು ಗೇಟಿನ ಹತ್ರ ಬಂದು ನಿಂತಿರವ್ವ," ಎಂದ.

ಭಾನುವಾರ ಗುರುಪಾದಪ್ಪನವರು ಮೈಕ್ ಹಿಡಿದು ಲೇಔಟಿನ ಇತಿಹಾಸ ಶುರುಮಾಡಿದರು.

"ನಾನು ಬಂದಾಗ ಇಲ್ಲೇನಿತ್ತು? ಪೊದೆ, ಹಾವು, ಅಷ್ಟೇ! ಮೊದಲ ಮನೆ ನಂದು. ಇಲ್ಲಿನ ಮನೆಯೊಳಗೆ ಮೊದಲು ಕಾಲಿಟ್ಟೋನು ನಾನು. ಮೊದಲು ಬಂದೋರ ಮಾತನ್ನ ಆಮೇಲೆ ಬಂದೋರು ಕೇಳಬೇಕು. ಇದನ್ನೇ ಕಲ್ಲಲ್ಲಿ ಕೆತ್ತಿಸಿ ನಿಲ್ಲಿಸ್ತೀನಿ. ಚೆಲುವಯ್ಯ, ಯಾರೂ ಅಲ್ಲಗಳೆಯಬಾರದು, ಹಾಗೆ ಬರಿ!"

"ಅಪ್ಪಣೆ ಸರ್," ಎಂದು ಚೆಲುವಯ್ಯ ಕಿವಿಯ ಮೇಲಿನ ಪೆನ್ನು ತೆಗೆದ. "ಗೃಹಪ್ರವೇಶದಿಂದಲೇ ಶುರುಮಾಡೋಣ. ಶಾಸ್ತ್ರಗೀಸ್ತ್ರ ಮಾಡಿದ್ರಾ, ಇಲ್ಲಾ ಹಾಗೇ ನುಗ್ಗಿಬಿಟ್ರಾ?"

"ನುಗ್ಗೋದಾ!" ಅಧ್ಯಕ್ಷರು ಕೆರಳಿದರು. "ಒಂದೂ ಶಾಸ್ತ್ರ ಬಿಟ್ಟಿಲ್ಲ ಕಣಯ್ಯ. ಹಸು-ಕರು ಎರಡನ್ನೂ ತರಿಸಿದ್ದೆ."

"ಬರೀ ಪೊದೆ ಅಂದ್ರಲ್ಲ ಸರ್, ಹಸು ಎಲ್ಲಿಂದ ಬಂತು?"

"ಅದೇ... ಆ ನಿಂಗಾಜಮ್ಮನ ಹತ್ರ..." ಅಧ್ಯಕ್ಷರ ದನಿ ಇಳಿಯಿತು.

ಮುಂದಿನ ಸಾಲಿನಲ್ಲಿದ್ದ ಅವರ ಹೆಂಡತಿ ಸುಮಂಗಲಮ್ಮನಿಗೆ ಮಾತ್ರ ಹಳೆಯ ಸಂಭ್ರಮವೆಲ್ಲ ಉಕ್ಕಿ ಬಂತು. "ಹಸು ನಡುಮನೆಗೆ ಬಂದಿದ್ದೇ ಸಗಣಿ ಹಾಕ್ತು ಕಣ್ರೀ! ಸಾಕ್ಷಾತ್ ಲಕ್ಷ್ಮೀನೇ ಬಂದಳು ಅಂದ್ರು ಪುರೋಹಿತರು. ನಮ್ಮ ಯಜಮಾನ್ರು ಅಲ್ಲೇ ಅಡ್ಡಬಿದ್ರು!"

ಸಭೆಯಲ್ಲಿ ಕಿಸಕ್ಕೆಂದು ನಗು ಹರಿದಾಡಿತು. ಚೆಲುವಯ್ಯ ನಗಲಿಲ್ಲ. ಭಯಭಕ್ತಿಯಿಂದ ಕೇಳಿದ: "ಹಸು ಹೊಸಿಲು ದಾಟುವಾಗ ತಾವೆಲ್ಲಿದ್ರಿ ಸರ್?"

"ಹಿಂದೆ. ಹಸು ತಾನೇ ಮೊದಲು ಹೋಗಬೇಕಾದ್ದು? ಅಷ್ಟೂ ಗೊತ್ತಿಲ್ವೇನಯ್ಯ..." ಎಂದವರು ಅಲ್ಲೇ ಬಾಯಿ ಮುಚ್ಚಿದರು. ಆದರೆ ಮೈಕ್ ಆಗಲೇ ಊರಿಗೆಲ್ಲ ಕೇಳಿಸಿಬಿಟ್ಟಿತ್ತು.

"ಹಾಗಾದ್ರೆ ಮೊದಲು ಕಾಲಿಟ್ಟದ್ದು ಹಸು, ಅದರ ಜೊತೆಗೆ ಕರು, ಆಮೇಲೆ ತಾವು," ಎಂದ ಚೆಲುವಯ್ಯ. "ಆವತ್ತಿನ ಕರು ಬೆಳೆದು ಹಸುವಾಗಿ ಈಗ ಹಿಂದಿನ ಗೇಟಿನಾಚೆ ನಿಂತಿದೆ ಸರ್. ಬೇಕಾದ್ರೆ ನಿಂಗಾಜಮ್ಮನ್ನೇ ಕೇಳಿ. ಮೊದಲು ಬಂದೋರನ್ನ ಹೊರಗೆ ನಿಲ್ಲಿಸಿ ಆಮೇಲೆ ಬಂದೋರು ಬೀಗ ಹಾಕಬಹುದು ಅಂತಲೂ ಕಲ್ಲಲ್ಲಿ ಕೆತ್ತಿಸಬೇಕಾ?"

ಗುರುಪಾದಪ್ಪನವರು ಬೆವರೊರೆಸಿಕೊಂಡರು. ಆದರೂ ಅಷ್ಟು ಸುಲಭಕ್ಕೆ ಸೋಲೊಪ್ಪುವ ಜೀವವಲ್ಲ ಅದು.

"ಅದೆಲ್ಲ ಇರಲಿ ಕಣಯ್ಯ. ರಸ್ತೆ ಮೇಲೆ ಬೀಳೋ ಸಗಣಿಗೆ ಏನು ಹೇಳ್ತೀಯ?"

"ನಡುಮನೆಯಲ್ಲಿ ಬಿದ್ದದ್ದಕ್ಕೆ ತಾವು ಅಡ್ಡಬಿದ್ರಿ ಸರ್," ಎಂದು ಚೆಲುವಯ್ಯ ಕೈಮುಗಿದ. "ರಸ್ತೆ ಮೇಲಿನದಕ್ಕೆ ಅಷ್ಟೆಲ್ಲ ಬೇಡ. ಸ್ವಲ್ಪ ಪಕ್ಕಕ್ಕೆ ಸರಿದು ನಡೆದ್ರೆ ಸಾಕು."

ಮೊದಲು ನಕ್ಕವರು ಸುಮಂಗಲಮ್ಮ. ಆಮೇಲೆ ಇಡೀ ಸಭೆ. ಕೊನೆಗೆ, ಬೇರೆ ದಾರಿ ಕಾಣದೆ, ಅಧ್ಯಕ್ಷರೂ ನಕ್ಕು ಜೇಬಿನಿಂದ ಗೇಟಿನ ಬೀಗದ ಕೈ ತೆಗೆದು ಚೆಲುವಯ್ಯನ ಕೈಗಿಟ್ಟರು.