ಒಂದೇ ಪದ, ಎರಡು ಬಾಯಿ

ಪರಮಪೂಜ್ಯ ಕೌದಿ ಅಜ್ಜನವರಿಗೆ ಮಠವಿರಲಿಲ್ಲ, ಪೀಠವಿರಲಿಲ್ಲ, ಪಲ್ಲಕ್ಕಿಯಂತೂ ಇರಲೇ ಇಲ್ಲ. ತೊಗರಿಹಾಳದ ಅಗಸಿ ಬಾಗಿಲಿನ ಹೊರಗೆ, ಊರಿಗೂ ಮಾದರ ಓಣಿಗೂ ನಡುವೆ, ಮಾಳಿಗೆ ಅರ್ಧ ಕುಸಿದ ಹಳೆಯ ಸುಂಕದ ಕಟ್ಟೆಯೊಂದಿತ್ತು. ಅವರು ವಾಸವಾಗಿದ್ದದ್ದು ಅಲ್ಲಿ. ಎಲ್ಲಿಂದ ಬಂದಿರಿ, ಯಾವ ಕುಲ ಎಂದು ಕೇಳಿದವರಿಗೆ, "ಸೂಜಿ ಪೋಣಿಸಿ ಕೊಡಪಾ, ಕಣ್ಣು ಕಾಣವಲ್ದು" ಎಂದಷ್ಟೇ ಉತ್ತರ. ಎಲ್ಲ ಓಣಿಗಳಿಂದ ಹರಕು ಬಟ್ಟೆ ಬೇಡಿ ತಂದು, ತೊಳೆದು, ತುಂಡಿಗೆ ತುಂಡು ಕೂಡಿಸಿ ಕೌದಿ ಹೊಲಿಯುತ್ತಿದ್ದರು. ಹೊದೆಯಲು ಗತಿಯಿಲ್ಲದವರಿಗೆ ಕೊಡುತ್ತಿದ್ದರು.

ಜ್ವರ ಬಂದ ಮಗುವಿಗೆ ಅಜ್ಜನವರ ಕೌದಿ ಹೊದಿಸಿದರೆ ಬೆವರು ಬಿಟ್ಟು ಜ್ವರ ಇಳಿಯುತ್ತದೆ ಎಂಬ ನಂಬಿಕೆ ಇತ್ತು. ಗೌಡರ ಮನೆಯವರೂ ಬಂದು ಒಯ್ಯುತ್ತಿದ್ದರು. ಆ ಕೌದಿಯಲ್ಲಿ ಗೌಡತಿಯ ಹಳೆಯ ಸೀರೆಯ ಪಕ್ಕದಲ್ಲೇ ಮಾದರ ಓಣಿಯ ಹರಕು ಧೋತರ ಇರುತ್ತಿತ್ತು. ಜ್ವರ ಇರುವ ತನಕ ಅದು ಯಾರ ಧೋತರವೆಂದು ಯಾರೂ ಕೇಳುತ್ತಿರಲಿಲ್ಲ. ಜ್ವರ ಇಳಿದ ಮೇಲೆ ಕೌದಿಯನ್ನು ಹಿತ್ತಲ ಬೇಲಿಗೆ ಎಸೆಯುತ್ತಿದ್ದರು. ಅಜ್ಜನವರು ಅದನ್ನೂ ಎತ್ತಿ ತಂದು ಮತ್ತೆ ತೊಳೆಯುತ್ತಿದ್ದರು.

ಈ ಪ್ರಸಂಗದಲ್ಲಿ ಪವಾಡವಿಲ್ಲ. ಪವಾಡ ಬೇಕಾದವರು ಬೇರೆ ಕಡೆ ಹುಡುಕಿಕೊಳ್ಳಲಿ.

ಆ ಊರಿನಲ್ಲಿ ಹಣಮಪ್ಪನ ಓಕುಳಿಗೆ ಗುಡಿಯ ಮುಂದೆ ಹಾಡಿಕೆ ನಡೆಯುವ ಪದ್ಧತಿ. ಎರಡು ಊರುಗಳ ಮೇಳಗಳು ಎದುರುಬದುರು ನಿಂತು, ಪದ ಹಾಡಿ ಒಬ್ಬರನ್ನೊಬ್ಬರು ಸೋಲಿಸಬೇಕು. ಎದುರಾಳಿಯನ್ನು ಬೈಯಬಹುದು, ಅವನ ಗುರುವನ್ನು ಬೈಯಬಹುದು, ದೇವರನ್ನೂ ಬಿಡಬೇಕಾಗಿಲ್ಲ. ತೊಗರಿಹಾಳದ ಹಾಡುಗಾರ ಚನವೀರಪ್ಪ. ಊರ ಗೌಡ ನಿಂಗನಗೌಡನ ಅಕ್ಕನ ಮಗ. ಅವನ ಹಿಂದೆ ನಿಂತು ಹಲಗೆ ಬಾರಿಸುವವನು ಮಾದರ ಯಲಗೂರಪ್ಪ. ತಾಯಿ ಯಲಗೂರ ಹಣಮಪ್ಪನಿಗೆ ಹರಕೆ ಹೊತ್ತು ಹಡೆದ ಮಗನಾದ್ದರಿಂದ ಆ ದೇವರ ಹೆಸರನ್ನೇ ಅವನಿಗೆ ಇಟ್ಟಿದ್ದಳು. ಹರಕೆ ತೀರಿಸಿದ್ದು ಗುಡಿಯ ಹೊರಗೆ ನಿಂತು. ಮೇಳದಲ್ಲಿ ಹಲಗೆ ಅವನದು, ಬಾಯಿ ಚನವೀರಪ್ಪನದು.

ಒಂದು ವರ್ಷದ ಓಕುಳಿಯಲ್ಲಿ ಚನವೀರಪ್ಪ ಒಂದು ಹೊಸ ಪದ ಕಟ್ಟಿ ಹಾಡಿದ್ದ:

ಗುಡಿಯಾಗ ಕುಂತು ಎಣ್ಣಿ ಕುಡಿತೀ ಹಣಮಾ
ಹೊರಗ ನಿಂತವರ ಕೂಗು ಕೇಳವಲ್ಲಿ
ಲಂಕಾ ಸುಟ್ಟ ಬಾಲ ಎಲ್ಲಿಟ್ಟಿ ಹಣಮಾ
ಊರಾನ ಕಳ್ಳರ ಮನಿ ಸುಡವಲ್ಲಿ

ಜನ ಬಿದ್ದು ಬಿದ್ದು ನಕ್ಕರು. ಪೂಜಾರಿಯೂ ನಕ್ಕ. ಗೌಡ ಎದ್ದು ನಿಂತು ಅಳಿಯನ ತಲೆಗೆ ರೇಷ್ಮೆ ರುಮಾಲು ಸುತ್ತಿದ. "ಇದಕ್ಕ ನಿಂದಾಸ್ತುತಿ ಅಂತಾರ, ಶಾಸ್ತ್ರದಾಗ ಐತಿ" ಎಂದು ತಿಳಿದವರು ತಿಳಿಯದವರಿಗೆ ಹೇಳಿದರು.

ಮರುವರ್ಷದ ಓಕುಳಿಯಲ್ಲಿ ಹಾಡಿಕೆಯ ನಡುವೆ ಚನವೀರಪ್ಪನ ಗಂಟಲು ಕಟ್ಟಿತು. ಸ್ವರವೇ ಹೊರಡಲಿಲ್ಲ. ಎದುರಿನ ಊರಿನವರು ಕೇಕೆ ಹಾಕಿದರು. "ತೊಗರಿಹಾಳದ ಕೋಳಿಗೆ ಕೂಗು ಮರೀತು, ಬಳಿ ಕೊಡ್ರಿ, ತೊಟ್ಟುಕೊಂಡು ಮನಿಗೆ ಹೋಗ್ಲಿ" ಎಂದು ಹೀಯಾಳಿಸಿದರು. ಊರು ಸೋಲುವುದರಲ್ಲಿತ್ತು. ಆಗ ಹಿಂದಿನಿಂದ ಯಲಗೂರಪ್ಪ ಹಲಗೆ ಬಡಿಯುತ್ತಲೇ ಮುಂದೆ ಬಂದು, ಚನವೀರಪ್ಪನ ಆ ಪದವನ್ನೇ ಎತ್ತಿಕೊಂಡ. ಒಂದಕ್ಷರ ಕೂಡಿಸಲಿಲ್ಲ, ಒಂದಕ್ಷರ ಬಿಡಲಿಲ್ಲ. ಎದುರಿನ ಮೇಳಕ್ಕೆ ಉತ್ತರ ಹೊಳೆಯಲಿಲ್ಲ. ಊರು ಗೆದ್ದಿತು.

ಗೆದ್ದ ಊರು ಗೆಲ್ಲಿಸಿದವನನ್ನು ದೀಪದ ಕಂಬಕ್ಕೆ ಕಟ್ಟಿ ಬಡಿಯಿತು. ಕಾರಣ, ಅವನು ದೇವರನ್ನು ಬೈದ.

ಬೆಳಗಾದ ಮೇಲೆ ಅವನನ್ನು ಅಜ್ಜನವರ ಬಳಿ ಎಳೆದು ತಂದರು. ಅವನ ಹಲಗೆಯ ಹಗ್ಗದಿಂದಲೇ ಅವನ ಕೈ ಕಟ್ಟಿದ್ದರು. ಬಾಯಿ ಒಡೆದು ಅಂಗಿಯ ಮೇಲೆ ರಕ್ತ ಒಣಗಿತ್ತು. ದೂರದಲ್ಲಿ ಅವನ ಹೆಂಡತಿ ದ್ಯಾಮವ್ವ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದಳು. ಅವನ ಮನೆತನವನ್ನೇ ಊರು ಬಿಡಿಸಬೇಕೆಂದು ಗೌಡ ಆಗಲೇ ತೀರ್ಮಾನಿಸಿದ್ದ. ಆದರೆ ಮಾದರ ಓಣಿ ತಿರುಗಿ ಬೀಳಬಾರದೆಂದರೆ ಅಜ್ಜನವರ ಬಾಯಿಂದ ಒಂದು ಮಾತು ಬೇಕಿತ್ತು. ಆ ಓಣಿಯವರು ಅವರ ಮಾತು ಮೀರುತ್ತಿರಲಿಲ್ಲ.

ಅಜ್ಜನವರು ಹೊಲಿಗೆಯಿಂದ ತಲೆ ಎತ್ತಲಿಲ್ಲ.

"ಅಜ್ಜಾರ, ಇಂವ ಹಣಮಪ್ಪಗ ಅಪಚಾರ ಮಾಡ್ಯಾನ್ರಿ. ಊರ ಮನಸು ನೊಂದೈತಿ. ಇವರ ಮನಿತನ ಊರಾಗ ಇರಬಾರದು ಅಂತ ನೀವೊಂದು ಅಪ್ಪಣಿ ಕೊಡ್ರಿ" ಎಂದ ಗೌಡ.

"ಏನಂದ?"

"ಅದನ್ನ ನಾವು ಬಾಯಿಲೆ ಹ್ಯಾಂಗ ಹೇಳೂದ್ರಿ? ಪಾಪ ಸುತ್ತಿಕೊಳ್ಳತೈತಿ."

"ಹೇಳದಿದ್ರ ನನಗ ಹ್ಯಾಂಗ ತಿಳಿಬೇಕು, ಗೌಡಾ? ಆ ಪದ ಕಟ್ಟಿದವರು ಯಾರು?"

"ಹಾಡಿದಾಂವ ಇಂವ, ಅಜ್ಜಾರ. ಊರೆಲ್ಲಾ ಕೇಳೇತಿ."

"ಹಾಡಿದವರನ್ನ ಕೇಳಲಿಲ್ಲ."

ಯಲಗೂರಪ್ಪ ನೆಲ ನೋಡುತ್ತಿದ್ದ. ಅವನೂ ಹೆಸರು ಹೇಳಲಿಲ್ಲ. ಹೇಳಿದ್ದರೆ ರಾತ್ರಿಯ ಅರ್ಧ ಪೆಟ್ಟು ತಪ್ಪುತ್ತಿತ್ತೇನೋ. ಚನವೀರಪ್ಪ ಜನರ ಹಿಂದೆ ಗೋಡೆಗೆ ಆತು ನಿಂತಿದ್ದ. ತಲೆಯ ಮೇಲೆ ಅದೇ ರೇಷ್ಮೆ ರುಮಾಲು. ಇರುಳೆಲ್ಲ ಅವನು ಮಾತನಾಡಿರಲಿಲ್ಲ. ಗಂಟಲು ಕಟ್ಟಿದೆ ಎಂಬ ನೆಪ ಅವನಿಗಿತ್ತು.

ಅಜ್ಜನವರು ಆಗ ತಲೆ ಎತ್ತಿದರು. ಆ ಕಣ್ಣುಗಳಲ್ಲಿ ಸಿಟ್ಟು ಇರಲಿಲ್ಲವೆಂದು ನೋಡಿದವರು ಹೇಳುತ್ತಾರೆ. ದಣಿವು ಇತ್ತು. ಇದೇ ಪಂಚಾಯಿತಿಯನ್ನು, ಇದೇ ಮುಖಗಳನ್ನು, ಇದೇ ನೋವನ್ನು ಎಷ್ಟೋ ಊರುಗಳಲ್ಲಿ ನೋಡಿ ಬಂದವರ ದಣಿವು.

"ಚನವೀರಪ್ಪಾ, ಬಾ ಇಲ್ಲಿ. ಆ ಪದ ನೀ ಒಮ್ಮೆ ಹಾಡು."

ಚನವೀರಪ್ಪ ಮುಂದೆ ಬಂದ. ಒಡೆದ ಗಂಟಲಿನಲ್ಲೇ ಶುರು ಮಾಡಿದ. ಮೊದಲ ಸಾಲಿಗೆ ಜನ ಗಂಭೀರವಾಗಿದ್ದರು. ಎರಡನೆಯದಕ್ಕೆ ಯಾರದೋ ಹೆಬ್ಬೆರಳು ನೆಲಕ್ಕೆ ತಾಳ ಹಾಕಿತು. ಬಾಲದ ಸಾಲು ಬಂದಾಗ ಒಬ್ಬ ಮುದುಕ ಅಭ್ಯಾಸಬಲದಿಂದ "ಭಲೇ, ಭಲೇ!" ಎಂದೇಬಿಟ್ಟ. ಕೊನೆಯ ಸಾಲಿಗೆ ಗೌಡನ ದನಿಯೂ ಕೂಡಿಕೊಂಡಿತು. ನಾಲ್ಕಾರು ಜನ ನಕ್ಕರು. ನಕ್ಕ ಮೇಲೆ ಎಲ್ಲಿದ್ದೇವೆಂದು ನೆನಪಾಗಿ ಬಾಯಿ ಒರೆಸಿಕೊಂಡರು.

"ಈಗ ನೀ ಹಾಡಪಾ, ಯಲಗೂರಾ."

ಯಲಗೂರಪ್ಪ ಒಡೆದ ತುಟಿಯಿಂದ ಹಾಡಿದ. "ಹೊರಗ ನಿಂತವರ ಕೂಗು" ಎಂಬಲ್ಲಿಗೆ ಬರುವ ಮೊದಲೇ, "ಮುಚ್ಚಲೇ ಬಾಯಿ! ಅಜ್ಜಾರ ಮುಂದನ ಸೊಕ್ಕೇನು?" ಎಂದು ಗೌಡ ಕಾಲಿನ ಕೆರ ಕೈಗೆತ್ತಿಕೊಂಡ.

"ಕೆರ ಕೆಳಗಿಡು, ಗೌಡಾ" ಎಂದರು ಅಜ್ಜನವರು. "ಈಗಿನ್ನ ನೀನೂ ದನಿ ಕೂಡಿಸಿದ್ದಿ."

"ಅದು ಬ್ಯಾರೆರಿ, ಅಜ್ಜಾರ. ಚನವೀರಪ್ಪಂದು ನಿಂದಾಸ್ತುತಿ. ಇವಂದು ನಿಂದಾ."

ಅಜ್ಜನವರು ದಾರ ಕಚ್ಚಿ ಹರಿದರು. ಸೂಜಿಯನ್ನು ಕೌದಿಗೆ ಚುಚ್ಚಿಟ್ಟರು. ಹೊಲಿಗೆಯ ನಡುವೆ ಅವರು ಸೂಜಿ ಕೆಳಗಿಟ್ಟದ್ದನ್ನು ಅಲ್ಲಿದ್ದವರು ಅದಕ್ಕೆ ಮೊದಲು ಕಂಡಿರಲಿಲ್ಲ. ಗೌಡನನ್ನು ಬಿಟ್ಟು ಚನವೀರಪ್ಪನನ್ನು ನೋಡಿ ಹೇಳಿದರು:

"ನಿನ್ನ ಬಾಯಾಗ ಅದು ಹಾಡಾಗಿತ್ತು. ಇವನ ಬಾಯಾಗ ಖರೇ ಆತು. ನೊಂದಾಂವ ಹಣಮಪ್ಪ ಅಲ್ಲ."

ಅಷ್ಟೇ. ಇಷ್ಟು ಸಣ್ಣ ಮಾತನ್ನು ಒಬ್ಬ ಮಹಾತ್ಮರೇ ಬಂದು ಹೇಳಬೇಕಾಯಿತಲ್ಲ ಎಂಬುದೇ ನಾಚಿಕೆಯ ಸಂಗತಿ. ಸುಳ್ಳು ಸಾಕ್ಷಿಗೆ ಹಣಮಪ್ಪನ ಆಣೆ ಇಟ್ಟು ಬಂದವರು ಆ ಗುಂಪಿನಲ್ಲಿದ್ದರು. ಹಣಮಪ್ಪನ ಗುಡಿಯ ಹೊಲವನ್ನು ಒಳಹಾಕಿಕೊಂಡು ಉತ್ತು ತಿನ್ನುವವರಿದ್ದರು. ಅವರ ಮೇಲೆ ಯಾರ ಮನಸ್ಸೂ ನೊಂದಿರಲಿಲ್ಲ. ಹೊರಗೆ ನಿಂತವನು "ನಾನು ಹೊರಗೆ ನಿಂತಿದ್ದೇನೆ" ಎಂದದ್ದೇ ತಡ, ಎಲ್ಲರಿಗೂ ದೇವರ ಮೇಲೆ ಪ್ರೀತಿ ಉಕ್ಕಿತು.

ತಾನು ನಗಿಸಲು ಕಟ್ಟಿದ ಪದವನ್ನು ಚನವೀರಪ್ಪ ಅಂದೇ ಮೊದಲು ಕೇಳಿಸಿಕೊಂಡಂತಿತ್ತು. ಹೊರಗ ನಿಂತವರು ಯಾರೆಂದು ಹಾಡುವಾಗ ಅವನು ಯೋಚಿಸಿರಲಿಲ್ಲ. ಪ್ರಾಸಕ್ಕೆ ಬಂದಿತ್ತು, ಹಾಡಿದ್ದ. ಆ ಮನುಷ್ಯ ಅಷ್ಟು ವರ್ಷ ತನ್ನ ಬೆನ್ನ ಹಿಂದೆಯೇ ಹಲಗೆ ಹಿಡಿದು ನಿಂತಿದ್ದ.

ಅವನು ರುಮಾಲು ಬಿಚ್ಚಿ ಅಜ್ಜನವರ ತೊಡೆಯ ಮೇಲಿಟ್ಟ. ಆಮೇಲೆ ಯಲಗೂರಪ್ಪನ ಕೈಯ ಹಗ್ಗ ಬಿಚ್ಚತೊಡಗಿದ.

"ಏ ಹುಚ್ಚಪ್ಯಾಲಿ, ಏನ್ ಮಾಡಾಕತ್ತಿ? ಸುಮ್ಮನ ಸರಿ ಅತ್ಲಾಗ" ಎಂದ ಗೌಡ.

"ಮಾವಾ, ಪದ ನಂದು. ಊರು ಬಿಡಸೂದಾದ್ರ ಮೊದಲ ನನ್ನ ಬಿಡಸು. ಅಕ್ಕನ ಮಗನ್ನ ಹೊರಗ ಹಾಕೀನಿ ಅಂತ ನಮ್ಮವ್ವಗ ನೀನ ಹೋಗಿ ಹೇಳು."

ಗೌಡನಿಗೆ ಅಕ್ಕನ ಹೆದರಿಕೆ ದೇವರ ಹೆದರಿಕೆಗಿಂತ ದೊಡ್ಡದಾಗಿತ್ತು. ಅವನು ಕೆರ ಮೆಟ್ಟಿಕೊಂಡು ಹೊರಟುಹೋದ. ಗುಂಪೂ ಕರಗಿತು. ಯಲಗೂರಪ್ಪನ ಮನೆತನ ಊರಲ್ಲಿ ಉಳಿಯಿತು. ದ್ಯಾಮವ್ವ ಬಂದು ಅಜ್ಜನವರ ಪಾದಕ್ಕೆ ಹಣೆ ಹಚ್ಚಿದಳು. "ನನಗ್ಯಾಕವ್ವಾ? ಅವಂಗ ನೀರು ಕೊಡು ಮೊದಲ" ಎಂದರು ಅವರು.

ಊರಿಗೆ ಬುದ್ಧಿ ಬಂತು ಎಂದು ಬರೆದರೆ ಸುಳ್ಳಾಗುತ್ತದೆ. ಅಂದು ಸಂಜೆಯೇ ಯಾರೋ ಯಲಗೂರಪ್ಪನ ಹಲಗೆಯನ್ನು ಸುಟ್ಟರು. ಯಾರೆಂದು ಎಲ್ಲರಿಗೂ ಗೊತ್ತಿತ್ತು. ಕೆಲವು ದಿನ ಕಳೆಯಿತು. ಆಮೇಲೆ ಗುಡಿಯ ಕಟ್ಟೆಯ ಮೇಲೆ ಹಿರಿಯರು ಕೂಡಿ, ಚನವೀರಪ್ಪನ ಹೋದ ವರ್ಷದ ಪದವೂ ದೇವರಿಗೆ ಅಪಚಾರವೇ ಸರಿ ಎಂದು ಕಂಡುಕೊಂಡರು. ನಕ್ಕವರೆಲ್ಲ ಒಂದು ವರ್ಷ ತಡವಾಗಿ ನೊಂದರು. ಅವನು ಮಾದರ ಓಣಿಯವನ ಕೈಯ ಹಗ್ಗ ಬಿಚ್ಚುವ ತನಕ ಆ ನೋವು ಎಲ್ಲಿ ಅಡಗಿತ್ತೋ ಗೊತ್ತಿಲ್ಲ. ರುಮಾಲು ವಾಪಸು ತರಬೇಕೆಂದು ಸುಂಕದ ಕಟ್ಟೆಗೆ ಆಳು ಕಳಿಸಿದರು.

ಅಜ್ಜನವರು ತೊಡೆಯ ಮೇಲಿನ ಕೌದಿಯನ್ನು ಹರಡಿ ತೋರಿಸಿದರು. ರೇಷ್ಮೆಯ ತುಂಡುಗಳು ಅಲ್ಲಲ್ಲಿ ಕೂತಿದ್ದವು. ಒಂದೊಂದರ ಮಗ್ಗುಲಿಗೂ ಯಲಗೂರಪ್ಪನ ರಕ್ತ ಹತ್ತಿದ ಅಂಗಿಯ ತುಂಡು.

"ಬಿಚ್ಚಾಕ ಆದ್ರ, ಬಿಚ್ಚಿಕೊಂಡು ಒಯ್ಯಪಾ" ಎಂದರು.

ಬಂದವನು ಮುಟ್ಟಲು ಹೆದರಿ ಹೊರಟುಹೋದ.

ಚನವೀರಪ್ಪನೇ ಹೊಸ ಹಲಗೆ ಮಾಡಿಸಿ ತಂದ. ಮುಂದೆ ಅವನು ಗುಡಿಯ ಮುಂದೆ ಹಾಡಲಿಲ್ಲ. ಕರೆಯುವವರೂ ಇರಲಿಲ್ಲ. ಸುಂಕದ ಕಟ್ಟೆಯ ಬಯಲಲ್ಲಿ ಯಲಗೂರಪ್ಪ ಮುಂದೆ ನಿಂತು ಹಾಡುತ್ತಿದ್ದ, ಚನವೀರಪ್ಪ ಹಿಂದೆ ನಿಂತು ದನಿ ಕೂಡಿಸುತ್ತಿದ್ದ. ಅಜ್ಜನವರು ಹೊಲಿಯುತ್ತಾ ಕೇಳುತ್ತಿದ್ದರು. ಅವರು ದೇಹ ಬಿಟ್ಟ ಮೇಲೂ ಇಬ್ಬರೂ ಅಲ್ಲೇ ಹಾಡಿದರು.

ಮುಪ್ಪಿನಲ್ಲಿ ಯಾರಾದರೂ ಬಂದು, "ಚನವೀರಪ್ಪಜ್ಜಾ, ರೇಷ್ಮಿ ರುಮಾಲು ತಂದ ಪದ ಅಂತಲ್ಲಾ, ಅದನ್ನೊಂದ ಹಾಡು" ಎಂದು ಕೇಳಿದರೆ, ಅವನು ಮಾದರ ಓಣಿಯ ಕಡೆ ಕೈ ತೋರಿಸುತ್ತಿದ್ದ.

"ಕಟ್ಟಿದಾಂವ ನಾ ಖರೆ, ಪದ ನಂದಲ್ಲ. ಅದರ ಒಡಿಯ ಅಲ್ಲಿ ಅದಾನ. ಹೋಗಿ ಅವನ ಬಾಯಿಂದ ಕೇಳ್ರಿ. ಕೇಳೂ ಎದಿ ಇದ್ರ."